ಫಿಲ್ಟರಿಗೆ ಕೈಬಿಗಿ ಸಾಕು: ತುಂಗಭದ್ರಾ ಎಡದಂಡೆಯ ಟ್ರ್ಯಾಕ್ಟರ್ ಡ್ರೈವರುಗಳಿಗೆ ಒಂದು ಬಹಿರಂಗ ಪತ್ರ

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆಯ ಟ್ರ್ಯಾಕ್ಟರ್ ಡ್ರೈವರ್ ತಮ್ಮಂದಿರಿಗೆ, ಸ್ವಂತ ಗಾಡಿಯನ್ನು ಸ್ವಂತ ಕೈಯಲ್ಲೇ ಸರ್ವೀಸ್ ಮಾಡಿಕೊಳ್ಳುವ ರೈತರಿಗೆ, ಕ್ಯಾಂಪು ಎಂದು ಕರೆಯುವ ಊರುಗಳ ಗೆಳೆಯರಿಗೆ,

ಕಾಲುವೆಗೆ ನೀರು ಬಿಡುವ ದಿನ ಹತ್ತಿರ ಬಂತೆಂದರೆ ಗ್ಯಾರೇಜಿಗೆ ಒಂದೇ ನಮೂನೆಯ ಕೇಸುಗಳು ಬರಲು ಶುರುವಾಗುತ್ತವೆ. ಗಾಡಿಯನ್ನು ಇನ್ನೊಂದು ಗಾಡಿಗೆ ಚೈನು ಕಟ್ಟಿ ಎಳೆದು ತಂದಿರುತ್ತಾರೆ. ಎಂಜಿನ್ನಿನ ಪಕ್ಕಕ್ಕೆ ಬಗ್ಗಿ ನೋಡಿದರೆ ಆಯಿಲ್ ಫಿಲ್ಟರಿನ ಡಬ್ಬಿ ನಜ್ಜುಗುಜ್ಜಾಗಿರುತ್ತದೆ. ಹೊಟ್ಟೆಗೆ ಅಡ್ಡಲಾಗಿ ಚುಚ್ಚಿದ ಸ್ಕ್ರೂಡ್ರೈವರ್ ಹಾಗೇ ಉಳಿದಿರುತ್ತದೆ, ಮುಂದಿನ ಆಕ್ಸಲ್ ತನಕ ಕಪ್ಪು ಆಯಿಲ್ ಇಳಿದಿರುತ್ತದೆ. ತಂದವರ ಮಾತೂ ಒಂದೇ: "ಕಾಕಾ, ಏನ್ ಮಾಡಿದ್ರೂ ಬರವಲ್ದು ನೋಡ್ರಿ."

ಅಂಥ ಡಬ್ಬಿ ಬಿಚ್ಚಿಕೊಟ್ಟರೆ ನನಗೆ ಕೂಲಿ ಸಿಗುತ್ತದೆ. ಆ ಲೆಕ್ಕದಲ್ಲಿ ಈ ಪತ್ರ ಬರೆದು ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ. ಆದರೆ ಹಂಗಾಮಿನಲ್ಲಿ ಒಂದು ಗಾಡಿ ನಿಂತರೆ ಅದನ್ನೇ ನಂಬಿದ ನಾಲ್ಕು ಮನೆಯ ಗದ್ದೆ ನಿಲ್ಲುತ್ತದೆ, ಮಡಿಯಲ್ಲಿ ಸಸಿ ಬಲಿತುಹೋಗುತ್ತದೆ. ಅದಕ್ಕೇ ನೇರವಾಗಿ ಹೇಳಿಬಿಡುತ್ತೇನೆ. ಬಿಚ್ಚಲು ಬಾರದ ಫಿಲ್ಟರುಗಳಲ್ಲಿ ಬಹುಪಾಲು ಕೆಟ್ಟದ್ದು ಹಿಂದಿನ ಸರ್ವೀಸಿನ ದಿನ, ಕೂರಿಸುವಾಗ. ಯಾರೋ ಪಾನಾ ಹಾಕಿ ಬಿಗಿದಿದ್ದಾರೆ. ಹೆಚ್ಚಿನ ಸಲ ಆ ಯಾರೋ ಅಂದರೆ ನೀವೇ.

"ಪಾನಾ ಹಾಕದಿದ್ರ ಸೋರತೈತ್ರಿ" ಅನ್ನುತ್ತೀರಿ. ಈ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ಗಾಡಿಯ ಉಳಿದೆಲ್ಲ ಕಡೆ ಬಿಗಿ ಮಾಡಿದಷ್ಟೂ ಒಳ್ಳೆಯದು ಎಂದೇ ನಾವು ಕಲಿತಿರುವುದು. ವೀಲ್ ನಟ್ಟಿಗೆ ಪೈಪ್ ಹಾಕಿ ಮೇಲೆ ಹತ್ತಿ ನಿಲ್ಲುತ್ತೇವೆ, ರೋಟಾವೇಟರ್ ಬ್ಲೇಡಿನ ಬೋಲ್ಟನ್ನು ಉಸಿರು ಕಟ್ಟಿ ಎಳೆಯುತ್ತೇವೆ. ಅದೇ ಕೈ ಫಿಲ್ಟರಿಗೂ ಹೋಗುತ್ತದೆ. ಆದರೆ ವೀಲ್ ನಟ್ಟಿನಲ್ಲಿ ಕಬ್ಬಿಣ ಕಬ್ಬಿಣವನ್ನು ಹಿಡಿಯುತ್ತದೆ. ಫಿಲ್ಟರಿನಲ್ಲಿ ಆಯಿಲ್ ತಡೆಯುವುದು ರಬ್ಬರು.

ಡಬ್ಬಿಯ ಬಾಯಿ ನೋಡಿ. ದಪ್ಪನೆಯ ಒಂದು ತಟ್ಟೆ, ನಡುವೆ ಥ್ರೆಡ್ ಇರುವ ದೊಡ್ಡ ತೂತು, ಅದರ ಸುತ್ತ ಸಣ್ಣ ತೂತುಗಳ ಸಾಲು, ಅಂಚಿನಲ್ಲಿ ರಬ್ಬರ್ ರಿಂಗು. ಎಂಜಿನ್ನಿನ ಕಡೆ, ಡಬ್ಬಿ ಕೂರುವ ಹೆಡ್ಡಿನಲ್ಲಿ, ನುಣ್ಣಗೆ ಕಡೆದ ಒಂದು ಮುಖ, ನಡುವೆ ಟೊಳ್ಳು ಸ್ಟಡ್ಡು. ಪಂಪಿನಿಂದ ಬಂದ ಆಯಿಲ್ ಸಣ್ಣ ತೂತುಗಳಿಂದ ಒಳಗಿಳಿದು, ಕಾಗದದ ಮಡಿಕೆಗಳನ್ನು ದಾಟಿ, ಸ್ಟಡ್ಡಿನ ಟೊಳ್ಳಿನಿಂದ ಬೇರಿಂಗುಗಳ ಕಡೆ ಹೋಗುತ್ತದೆ. ಡಬ್ಬಿಯನ್ನು ಹಿಡಿದು ನಿಲ್ಲಿಸುವುದು ಥ್ರೆಡ್ಡು. ಸೋರದಂತೆ ಕಾಯುವುದು ರಿಂಗು. ಇಬ್ಬರ ಕೆಲಸ ಬೇರೆ ಬೇರೆ. ಒಂದು ಲೆಕ್ಕ ಹಾಕೋಣ. ರಿಂಗಿನ ಒಳಗಲ ಏಳು ಸೆಂಟಿಮೀಟರ್ ಎಂದುಕೊಂಡರೆ ಅದರೊಳಗಿನ ಜಾಗ ಸುಮಾರು 38 ಚದರ ಸೆಂಟಿಮೀಟರ್. ಆಯಿಲ್ ಒತ್ತಡ ಚದರ ಸೆಂಟಿಮೀಟರಿಗೆ 4 ಕೆಜಿ ಇದ್ದರೆ ಡಬ್ಬಿಯನ್ನು ಹೊರಕ್ಕೆ ನೂಕುವ ಬಲ ಸುಮಾರು 150 ಕೆಜಿ. ಒಂದೂವರೆ ಚೀಲ ಭತ್ತಕ್ಕಿಂತ ಹೆಚ್ಚು ಭಾರ ಜೋತುಬಿದ್ದಷ್ಟು ಬಲ. ಅದನ್ನು ಥ್ರೆಡ್ಡು ಸಲೀಸಾಗಿ ಹೊರುತ್ತದೆ, ಅದಕ್ಕೆ ನಿಮ್ಮ ಪಾನಾದ ಸಹಾಯ ಬೇಡ. ರಿಂಗಿಗೆ ಬೇಕಾದದ್ದು ಅಳತೆಯ ಒತ್ತು. ಅದನ್ನು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೂ ಫಿಲ್ಟರಿನ ಡಬ್ಬಿಯ ಮೇಲೂ ಬರೆದಿರುತ್ತಾರೆ: ರಿಂಗು ಮುಖಕ್ಕೆ ತಾಗಿದ ಮೇಲೆ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಸುತ್ತು, ಕೈಯಿಂದ. ಕೆಲವು ಡಬ್ಬಿಗಳ ಸುತ್ತ 1, 2, 3, 4 ಎಂದು ಅಂಕಿ ಹೊಡೆದಿರುತ್ತಾರಲ್ಲ, ಅದು ಈ ಸುತ್ತು ಎಣಿಸಲೆಂದೇ. ಪಾರ್ಟ್ ನಂಬರ್ ಎಂದುಕೊಂಡವರೂ ಇದ್ದಾರೆ.

ಹಾಗಾದರೆ ಕೈಯಿಂದ ಬಿಗಿದದ್ದು ಸೋರಿದ್ದನ್ನು ನೀವು ಕಣ್ಣಾರೆ ಕಂಡಿಲ್ಲವೇ? ಕಂಡಿರುತ್ತೀರಿ. ಅಲ್ಲಿ ರಿಂಗಿಗೆ ಆಯಿಲ್ ಸವರಿರಲಿಲ್ಲ. ಒಣ ರಬ್ಬರು ಲೋಹದ ಮೇಲೆ ಜಾರುವುದಿಲ್ಲ, ಹಿಡಿದುಕೊಳ್ಳುತ್ತದೆ. ತಟ್ಟೆ ತಿರುಗುತ್ತಿದ್ದರೆ ರಿಂಗು ಅಲ್ಲೇ ನಿಂತು ಮುರಿಗೆ ಬೀಳುತ್ತದೆ, ಒಂದು ಕಡೆ ಗಂಟಾಗಿ ಇನ್ನೊಂದು ಕಡೆ ತೆಳ್ಳಗಾಗುತ್ತದೆ. ಕೈಗೆ ಮಾತ್ರ ಬಿಗಿಯಾದ ಹಾಗೆ ಅನ್ನಿಸುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ತೆಳ್ಳಗಿದ್ದ ಕಡೆ ಹನಿ ಕಾಣುತ್ತದೆ. ಆಗ ಪಾನಾ ತಂದು ಇನ್ನೊಂದು ಸುತ್ತು ಹಾಕುತ್ತೀರಿ, ಹನಿ ನಿಲ್ಲುತ್ತದೆ, ಪಾನಾವೇ ಸರಿ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಆ ಒಣ ರಿಂಗು, ಆ ಒತ್ತಿನಲ್ಲಿ, ಕೆಲಸ ಮಾಡುವ ಎಂಜಿನ್ನಿನ ಬಿಸಿಯಲ್ಲಿ ನೂರಾರು ಗಂಟೆ ಬೇಯುತ್ತದೆ. ಮೆತ್ತಗಿದ್ದದ್ದು ಗಟ್ಟಿಯಾಗಿ, ಮುಖಕ್ಕೆ ಅಂಟು ಹಾಕಿದ ಹಾಗೆ ಹತ್ತಿಕೊಳ್ಳುತ್ತದೆ. ಬೆರಳ ತುದಿಯಲ್ಲಿ ಒಂದು ತೊಟ್ಟು ಹೊಸ ಆಯಿಲ್ ತೆಗೆದು ರಿಂಗಿನ ಸುತ್ತ ಸವರಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಗ್ರೀಸ್ ಬೇಡ, ಡೀಸೆಲ್ ಬೇಡ, ಎಂಜಿನ್ನಿಗೆ ಹಾಕುವ ಅದೇ ಆಯಿಲ್ ಸಾಕು.

ನಮ್ಮ ಸೀಮೆಗೇ ಸೇರಿದ ಇನ್ನೆರಡು ಕಾರಣಗಳಿವೆ. ಕೆಸರು ಗದ್ದೆಯಲ್ಲಿ ಕೇಜ್‌ವೀಲ್ ಹಾಕಿ ಓಡಿಸುವಾಗ ರಾಡಿ ಎಗರಿ ಫಿಲ್ಟರಿನ ಕುತ್ತಿಗೆಯಲ್ಲಿ, ತಟ್ಟೆ ಮತ್ತು ಹೆಡ್ಡಿನ ಸಂದಿಯಲ್ಲಿ ಕೂರುತ್ತದೆ. ಒಣಗಿದ ಎರೆಮಣ್ಣು ಎಷ್ಟು ಗಟ್ಟಿ ಎಂದು ನಿಮಗೆ ಹೇಳಬೇಕಾಗಿಲ್ಲ. ಹಸಿ ಇದ್ದಷ್ಟು ದಿನ ತಗಡಿಗೆ ತುಕ್ಕು, ಒಣಗಿದ ಮೇಲೆ ಸಿಮೆಂಟು. ಇನ್ನೊಂದು ಆಯುಧಪೂಜೆ. ಗಾಡಿ ತೊಳೆದು, ಬಣ್ಣ ಹೊಡೆಸಿ, ಬಾಳೆಕಂದು ಕಟ್ಟಿ, ನಿಂಬೆಹಣ್ಣು ಚಕ್ರದಡಿ ಇಟ್ಟು ಪೂಜೆ ಮಾಡುವುದು ಚೆಂದ, ನಾನೂ ಮಾಡುತ್ತೇನೆ. ಆದರೆ ಸ್ಪ್ರೇ ಹೊಡೆಯುವ ಹುಡುಗ ಎಂಜಿನ್ನಿನ ಜೊತೆ ಫಿಲ್ಟರಿಗೂ ಹೊಡೆಯುತ್ತಾನೆ. ಬಣ್ಣ ಸಂದಿಯೊಳಗೆ ಇಳಿದು ಡಬ್ಬಿಯನ್ನೂ ಹೆಡ್ಡನ್ನೂ ಒಂದು ಮಾಡುತ್ತದೆ, ಮೇಲೆ ಬರೆದ ತಾರೀಖೂ ಮುಚ್ಚಿಹೋಗುತ್ತದೆ. ಫಿಲ್ಟರಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ ಬಣ್ಣ ಹೊಡಿಯಪ್ಪಾ ಎಂದು ಅವನಿಗೆ ಹೇಳಿ.

ಸರಿ, ಈಗಾಗಲೇ ಕಚ್ಚಿಕೊಂಡಿರುವುದನ್ನು ಏನು ಮಾಡಬೇಕು?

ಮೊದಲು ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಐದು ಹತ್ತು ನಿಮಿಷ ಎಂಜಿನ್ ಓಡಿಸಿ. ರಬ್ಬರು ಬಿಸಿಗೆ ಸ್ವಲ್ಪ ಮೆದುವಾಗುತ್ತದೆ, ಆಯಿಲ್ಲೂ ಸಲೀಸಾಗಿ ಇಳಿಯುತ್ತದೆ. ದಿನವಿಡೀ ಹೊಡೆದು ಬಂದ ಗಾಡಿಯಾದರೆ ತದ್ವಿರುದ್ಧ, ಆರುವವರೆಗೆ ಕಾಯಿರಿ. ಕುದಿವ ಆಯಿಲ್ ಮುಂಗೈ ಮೇಲೆ ಇಳಿದರೆ ಚರ್ಮ ಕಿತ್ತುಬರುತ್ತದೆ. ಕೈ ಇಟ್ಟರೆ ತಡೆದುಕೊಳ್ಳುವಷ್ಟು ಬಿಸಿ ಇರಬೇಕು. ಆಯಿಲ್ ಇಳಿಸಿದ ಮೇಲೆ ಫಿಲ್ಟರಿನ ಕುತ್ತಿಗೆಯ ಮಣ್ಣನ್ನು ಮೊಂಡ ಕಡ್ಡಿಯಿಂದ ಕೆರೆದು, ಡಬ್ಬಿಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಈ ಒರೆಸುವ ಕೆಲಸವನ್ನು ಬಿಟ್ಟವರೇ ಹೆಚ್ಚು. ಜಿಡ್ಡು ಡಬ್ಬಿಯ ಮೇಲೆ ಭೀಮನ ಕೈಯೂ ಜಾರುತ್ತದೆ. ಒರೆಸಿದ ಮೇಲೆ ಎಮರಿ ಪೇಪರನ್ನು ಒರಟು ಮುಖ ಒಳಗೆ ಮಾಡಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ. ಬರುವುದೇ ಇಲ್ಲ ಎಂದು ತಂದ ಎಷ್ಟೋ ಡಬ್ಬಿಗಳು ಇಷ್ಟಕ್ಕೇ ಬಂದಿವೆ.

ಯಾವ ಕಡೆಗೆ ತಿರುಗಿಸಬೇಕು? ನಗಬೇಡಿ, ಅರ್ಧ ತಾಪತ್ರಯ ಇಲ್ಲೇ ಇದೆ. ಡಬ್ಬಿಯ ಮುಚ್ಚಿದ ತಳ ನಿಮ್ಮ ಮುಖಕ್ಕೆ ಎದುರಾಗಿದ್ದರೆ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಬೇಕು. ಆದರೆ ಬಹಳಷ್ಟು ಗಾಡಿಗಳಲ್ಲಿ ಡಬ್ಬಿ ತಲೆಕೆಳಗಾಗಿ ನೇತಾಡುತ್ತದೆ, ನೀವು ಮೇಲಿನಿಂದ ಬಗ್ಗಿ ಕೈ ಇಳಿಬಿಟ್ಟಿರುತ್ತೀರಿ. ಆಗ ನಿಮ್ಮ ಕಣ್ಣಿಗೆ ದಿಕ್ಕು ಉಲ್ಟಾ. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿಯುತ್ತಿರುತ್ತೀರಿ, ಅದೂ ಪಾನಾ ಹಾಕಿ. ಸಂಶಯ ಬಂದರೆ ಹೊಸ ಫಿಲ್ಟರನ್ನು ಹಳೆಯದರ ಪಕ್ಕ ಅದೇ ಭಂಗಿಯಲ್ಲಿ ಹಿಡಿದು, ಯಾವ ಕಡೆ ತಿರುಗಿಸಿದರೆ ಥ್ರೆಡ್ ಹೊರಬರುತ್ತದೆಂದು ನೋಡಿಕೊಳ್ಳಿ. ಕೂರಿಸುವಾಗಲೇ ಡಬ್ಬಿಯ ಮೇಲೆ ಬಿಚ್ಚುವ ದಿಕ್ಕಿಗೆ ಒಂದು ಬಾಣ ಗೀಚಿಟ್ಟರೆ ಮುಂದಿನ ಸಲ ಈ ಪ್ರಶ್ನೆಯೇ ಇಲ್ಲ.

ಕೈಗೆ ಬಗ್ಗದಿದ್ದರೆ ಆಗ ಪಾನಾ. ಬಿಚ್ಚಲು ಪಾನಾ ಬಳಸುವುದಕ್ಕೆ ನನ್ನ ತಕರಾರಿಲ್ಲ, ಅದು ಇರುವುದೇ ಅದಕ್ಕೆ. ಪಟ್ಟಿ ಸುತ್ತುವುದು, ಚೈನ್ ಸುತ್ತುವುದು, ಬಟ್ಟಲಿನ ಹಾಗೆ ತಳಕ್ಕೆ ಕೂರುವುದು, ಮೂರೂ ಅಂಗಡಿಯಲ್ಲಿ ಸಿಗುತ್ತವೆ. ಎಂಜಿನ್ನಿಗೂ ಪೈಪುಗಳಿಗೂ ನಡುವೆ ಜಾಗ ಕಡಿಮೆ ಇರುವ ನಮ್ಮ ಗಾಡಿಗಳಿಗೆ ಪಟ್ಟಿಯದೇ ವಾಸಿ. ಪಟ್ಟಿಯನ್ನು ಡಬ್ಬಿಯ ನಡುವಿಗೆ ಸುತ್ತಬೇಡಿ. ಅಲ್ಲಿ ತಗಡಿನ ಹಿಂದೆ ಕಾಗದ ಬಿಟ್ಟರೆ ಏನೂ ಇಲ್ಲ, ಹಿಚುಕಿಹೋಗುತ್ತದೆ. ಹೆಡ್ಡಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರಕ್ಕೆ, ತಟ್ಟೆಯ ಅಂಚು ಇರುವ ಕಡೆ ಸುತ್ತಿ. ಎಳೆದಷ್ಟೂ ಪಟ್ಟಿ ಬಿಗಿಯಾಗುವ ದಿಕ್ಕಿಗೆ ಹಿಡಿ ಇರಲಿ. ಎಳೆತ ನಿಧಾನವಾಗಿ, ಒಂದೇ ಸಮ ಇರಬೇಕು, ಜಗ್ಗಾಟ ಬೇಡ. ಬರಲಿಲ್ಲವೇ? ಸಣ್ಣ ಸುತ್ತಿಗೆಯಲ್ಲಿ ತಟ್ಟೆಯ ಅಂಚಿನ ಸುತ್ತ ಮೆಲ್ಲಗೆ ತಟ್ಟಿ, ಅಂಟಿದ ರಿಂಗು ಬಿಡುತ್ತದೆ, ಮತ್ತೆ ಎಳೆಯಿರಿ. ಪಾನಾ ಇಲ್ಲದಾಗ ಹಳೇ ಫ್ಯಾನ್ ಬೆಲ್ಟ್ ಸುತ್ತಿ, ತುದಿಗಳಿಗೆ ರಾಡು ಕೊಟ್ಟು ಮುರಿ ಹಾಕಿ ತಿರುಗಿಸುವುದನ್ನು ಕ್ಯಾಂಪಿನ ಡ್ರೈವರುಗಳು ಬಹಳ ಹಿಂದಿನಿಂದ ಮಾಡಿಕೊಂಡು ಬಂದಿದ್ದಾರೆ. ಅದು ಒಳ್ಳೆಯ ಉಪಾಯ.

ಇನ್ನು ಸ್ಕ್ರೂಡ್ರೈವರಿನ ವಿಷಯ. ಇದು ನಿಮ್ಮೆಲ್ಲರ ಮೊದಲ ಅಸ್ತ್ರ, ನನ್ನ ಮಟ್ಟಿಗೆ ಅದು ಕೊನೆಯದು. ಡಬ್ಬಿಯ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ತೆಳು. ಅಡ್ಡ ಚುಚ್ಚಿ ತಿರುವಿದರೆ ತಟ್ಟೆ ತಿರುಗುವ ಮೊದಲು ತಗಡು ಬಾಳೆ ಎಲೆ ಸೀಳಿದ ಹಾಗೆ ಸುತ್ತಲೂ ಸೀಳುತ್ತದೆ. ಸೀಳಿದ ಅಂಚು ಬ್ಲೇಡು, ಅಂಗೈಗೆ ಹೊಲಿಗೆ ಹಾಕಿಸಿಕೊಂಡವರ ಕಥೆ ನಿಮ್ಮ ಊರಲ್ಲೂ ಇರುತ್ತದೆ. ಅದಕ್ಕಿಂತ ಕೆಟ್ಟದ್ದು, ಹೆಡ್ಡಿಗೆ ತೀರ ಹತ್ತಿರ ಚುಚ್ಚಿದರೆ ಮೊನೆ ಹೋಗಿ ಸ್ಟಡ್ಡಿನ ಥ್ರೆಡ್ಡಿಗೆ ತಾಗುತ್ತದೆ. ಸ್ಟಡ್ಡು ಹೋಯಿತೆಂದರೆ ಕೆಲವು ನೂರು ರೂಪಾಯಿಯ ಫಿಲ್ಟರ್ ಕೆಲಸ ಸ್ಟಡ್ಡನ್ನೋ ಹೆಡ್ಡನ್ನೋ ಬದಲಿಸುವ ಕೆಲಸವಾಯಿತು. ಬೇರೆ ದಾರಿಯೇ ಇಲ್ಲದೆ ಚುಚ್ಚಲೇಬೇಕಾದರೆ ಸ್ಟಡ್ಡು ಒಳಗೆ ಎಲ್ಲಿಯವರೆಗೆ ಬಂದಿದೆ ಎಂದು ಹೊಸ ಫಿಲ್ಟರಿನ ಥ್ರೆಡ್ಡಿನ ಆಳ ನೋಡಿ ಅಂದಾಜು ಮಾಡಿ, ಅದರಾಚೆಗೆ, ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವ ಹಾಗೆ ಒಮ್ಮೆ ಮಾತ್ರ ಚುಚ್ಚಿ. ತಗಡು ಸೀಳಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಎರಡನೇ ತೂತು, ಮೂರನೇ ತೂತು ಎಂದು ಹೋದವರ ಗಾಡಿಯೇ ಚೈನು ಕಟ್ಟಿಸಿಕೊಂಡು ನನ್ನ ಹತ್ತಿರ ಬರುವುದು.

ಡಬ್ಬಿ ಪೂರ್ತಿ ಕಿತ್ತು ಬಂದು ತಟ್ಟೆ ಮಾತ್ರ ಎಂಜಿನ್ನಿನಲ್ಲಿ ಉಳಿಯಿತು ಎಂದಿಟ್ಟುಕೊಳ್ಳಿ. ನೋಡಿದರೆ ಎದೆ ಒಡೆಯುತ್ತದೆ, ನಿಜ. ಆದರೆ ಆಗಲೇ ಕೆಲಸ ಸುಲಭವಾಗುವುದೂ ಉಂಟು, ಯಾಕೆಂದರೆ ಬಲ ಈಗ ನೇರ ತಟ್ಟೆಗೇ ಬೀಳುತ್ತದೆ. ಹರಿದ ತಗಡನ್ನೂ ಕಾಗದವನ್ನೂ ಬಿಡಿಸಿ ಎಸೆಯಿರಿ. ನಡುವಿನ ಥ್ರೆಡ್ಡಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಹೋಗಿ ಒಂದು ಚಹಾ ಕುಡಿದು ಬನ್ನಿ. ಚಹಾ ಕುಡಿಯುವುದೂ ಕೆಲಸದ ಭಾಗವೇ, ಎಣ್ಣೆ ಇಳಿಯಲು ಹೊತ್ತು ಬೇಕು. ಬಂದ ಮೇಲೆ ಮೊಂಡ ಉಳಿಯನ್ನು ತಟ್ಟೆಯ ಹೊರ ಅಂಚಿಗೆ ಓರೆಯಾಗಿ, ಬಿಚ್ಚುವ ದಿಕ್ಕಿಗೆ ಮುಖ ಮಾಡಿ ಇಟ್ಟು, ಸಣ್ಣ ಸಣ್ಣ ಏಟು ಹಾಕಿ. ಒಂದೇ ಕಡೆ ಹೊಡೆಯುತ್ತಾ ಕೂರಬೇಡಿ, ಅಂಚಿನ ಸುತ್ತ ಜಾಗ ಬದಲಿಸುತ್ತಾ ಹೋಗಿ. ಇನ್ನೊಂದು ದಾರಿ, ತಟ್ಟೆಯ ಸಣ್ಣ ತೂತುಗಳಲ್ಲಿ ಎದುರುಬದುರು ಎರಡು ಬೋಲ್ಟು ಇಳಿಸಿ, ನಡುವೆ ರಾಡು ಅಡ್ಡ ಕೊಟ್ಟು ತಿರುಗಿಸುವುದು. ಬೋಲ್ಟಿನ ತುದಿ ಹೆಡ್ಡಿನ ಮುಖಕ್ಕೆ ತಾಗದಂತೆ ನೋಡಿಕೊಳ್ಳಿ. ಉಳಿ ಯಾವ ಕಾರಣಕ್ಕೂ ಹೆಡ್ಡಿನ ಕಡೆಗೆ ತಿರುಗಬಾರದು. ಆ ನುಣುಪು ಮುಖದಲ್ಲಿ ಒಂದು ಗೀರು ಬಿದ್ದರೂ ಹೊಸ ಫಿಲ್ಟರ್ ಅಲ್ಲೇ ಸೋರುತ್ತದೆ, ಆಮೇಲೆ ನೀವು ಅದನ್ನು ಪಾನಾ ಹಾಕಿ ಬಿಗಿಯುತ್ತೀರಿ, ಮತ್ತೆ ಅದೇ ಕಥೆ.

ಗ್ಯಾಸ್ ಟಾರ್ಚ್ ಹಿಡಿಯುವವರಿಗೆ ಒಂದೇ ಮಾತು: ಬೇಡ. ಒಳಗೆ ಆಯಿಲ್ ಕುಡಿದ ಕಾಗದ ಇದೆ, ಪಕ್ಕದಲ್ಲಿ ಡೀಸೆಲ್ ಪೈಪ್ ಇದೆ, ಕೆಳಗೆ ಚೆಲ್ಲಿದ ಆಯಿಲ್ ಇದೆ.

ಡಬ್ಬಿ ಬಂತು. ಈಗ ಅದರ ಬಾಯಿ ನೋಡಿ. ರಿಂಗು ಇದೆಯೇ? ಈ ಒಂದು ನೋಟಕ್ಕಾಗಿ ಇಡೀ ಪತ್ರ ಬರೆದಿದ್ದರೂ ನಷ್ಟವಿರಲಿಲ್ಲ. ಕಚ್ಚಿಕೊಂಡಿದ್ದ ಫಿಲ್ಟರ್ ಹೊರಬರುವಾಗ ಅಂಟಿದ ರಿಂಗನ್ನು ಎಂಜಿನ್ನಿನ ಮುಖದಲ್ಲೇ ಬಿಟ್ಟು ಬರುವುದು ಸಾಮಾನ್ಯ. ಕಪ್ಪು ಆಯಿಲಿನ ನಡುವೆ ಕಪ್ಪು ರಿಂಗು, ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಹೊಸ ರಿಂಗು ಕೂರುತ್ತದೆ, ಎರಡು ರಬ್ಬರು ಒಂದರ ಮೇಲೊಂದು. ಸ್ಟಾರ್ಟ್ ಮಾಡಿದಾಗ ಏನೂ ಆಗುವುದಿಲ್ಲ. ಗದ್ದೆಗೆ ಇಳಿದು ಆಕ್ಸಿಲೇಟರ್ ಏರಿಸಿದಾಗ ಒಂದು ರಬ್ಬರು ಪಕ್ಕಕ್ಕೆ ಜಾರಿ ಹೊರಚಾಚುತ್ತದೆ, ನಾನು ಆಗಲೇ ಹೇಳಿದ ಒತ್ತಡ ಆ ಸಂದಿಯಿಂದ ಆಯಿಲನ್ನು ಚಿಮ್ಮಿಸುತ್ತದೆ. ರೋಟಾವೇಟರಿನ ಸದ್ದಿನಲ್ಲಿ ಡ್ರೈವರಿಗೆ ಕೇಳುವುದಿಲ್ಲ, ಕಣ್ಣು ಹಿಂದಿನ ಕೆಸರಿನ ಮೇಲಿರುತ್ತದೆ, ಮೀಟರಿನ ಕೆಂಪು ದೀಪ ಬಲ್ಬು ಹೋಗಿ ಯಾವ ಕಾಲವಾಯಿತೋ. ನಿಮಿಷಗಳಲ್ಲಿ ಆಯಿಲ್ ಖಾಲಿ, ಆಮೇಲೆ ಎಂಜಿನ್ ಹಿಡಿಯುತ್ತದೆ. ಅಂಥ ಒಂದು ಎಂಜಿನ್ ಬಿಚ್ಚಿದಾಗ ಕ್ರ್ಯಾಂಕಿನ ಮೇಲೆ ಬೇರಿಂಗಿನ ಲೋಹ ಕರಗಿ ಮೆತ್ತಿಕೊಂಡಿತ್ತು. ಫಿಲ್ಟರ್ ಬಿಚ್ಚಿದರೆ ಎರಡು ರಿಂಗು ಕೈಗೆ ಬಂದವು, ಒಂದು ಹೊಸತು, ಒಂದು ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾದ ಹಳತು. ಮಾಲೀಕರ ಕೈಗೆ ಎರಡನ್ನೂ ಕೊಟ್ಟೆ. ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ಡ್ರೈವರನ್ನು ಬೈದರು. ಬೈಯಬೇಕಾದದ್ದು ಅವನೊಬ್ಬನನ್ನೇ ಅಲ್ಲ ಎಂದು ನನಗನ್ನಿಸಿತು. ರಾತ್ರಿ ಎಂಟಕ್ಕೆ, ಮೊಬೈಲಿನ ಬೆಳಕಿನಲ್ಲಿ, ಬೆಳಗ್ಗೆ ಐದಕ್ಕೆ ಗದ್ದೆಗೆ ಹೋಗಬೇಕು ಎಂಬ ಅವಸರದಲ್ಲಿ ಸರ್ವೀಸ್ ಮಾಡಿಸಿದವರು ಯಾರು?

ಹಾಗಾಗಿ ಹೆಡ್ಡಿನ ಮುಖವನ್ನು ಬೆರಳು ಆಡಿಸಿಯೇ ನೋಡಿ, ಕಣ್ಣನ್ನು ನಂಬಬೇಡಿ. ನೂಲು ಬಿಡದ ಹಳೇ ಬಟ್ಟೆಯಿಂದ ಒರೆಸಿ. ವೇಸ್ಟ್ ನೂಲಿನ ಎಳೆ ಅಲ್ಲಿ ಉಳಿಯಬಾರದು. ಸ್ಟಡ್ಡು ಹಳೇ ಡಬ್ಬಿಯ ಜೊತೆ ಕಿತ್ತು ಬಂದಿದೆಯೇ, ಅಲುಗುತ್ತಿದೆಯೇ ಎಂದೂ ನೋಡಿ.

ಹೊಸ ಡಬ್ಬಿಯನ್ನು ಹಳೆಯದರ ಪಕ್ಕ ಇಟ್ಟು ಹೋಲಿಸದೆ ಕೂರಿಸಬೇಡಿ. ಹೊರಗಿನಿಂದ ಒಂದೇ ಥರ ಕಂಡರೂ ಥ್ರೆಡ್ ಬೇರೆ ಇರಬಹುದು. ಮುಕ್ಕಾಲು ಇಂಚಿನ ಸ್ಟಡ್ಡು ಎಂದರೆ 19.05 ಮಿಲಿಮೀಟರ್. 20 ಮಿಲಿಮೀಟರ್ ಥ್ರೆಡ್ಡಿನ ಡಬ್ಬಿ ಅದರ ಮೇಲೆ ಏರುತ್ತದೆ, ಕೊನೆಗೆ ಬಿಗಿಯಾದ ಹಾಗೂ ಅನ್ನಿಸುತ್ತದೆ, ಆದರೆ ಒಳಗೆ ಥ್ರೆಡ್ಡಿನ ತುದಿಗಳಷ್ಟೇ ಒಂದನ್ನೊಂದು ಹಿಡಿದಿರುತ್ತವೆ. ಒತ್ತಡ ಏರಿದಾಗ ಬಿಟ್ಟುಕೊಳ್ಳುತ್ತದೆ. "ಇದೂ ಕೂರತೈತಿ, ತಗೊಂಡ್ ಹೋಗ್ರಿ" ಎಂದು ಅಂಗಡಿಯವರು ಹೇಳಿದರೆ ಪಾರ್ಟ್ ನಂಬರ್ ಕೇಳಿ. ಡಬ್ಬಿ ನೆಟ್ಟಗೆ ನೇತಾಡುವ ಗಾಡಿಯಾದರೆ ಕೂರಿಸುವ ಮುಂಚೆ ಅದಕ್ಕೆ ಆಯಿಲ್ ತುಂಬಿಕೊಳ್ಳಿ, ಸ್ಟಾರ್ಟ್ ಮಾಡಿದ ಮೊದಲ ಗಳಿಗೆಯಲ್ಲಿ ಬೇರಿಂಗು ಒಣಗಿರುವುದು ತಪ್ಪುತ್ತದೆ. ತುಂಬುವುದು ಸುತ್ತಲಿನ ಸಣ್ಣ ತೂತುಗಳಿಂದ. ನಡುವಿನ ತೂತು ಸೋಸಿದ ಆಯಿಲ್ ಹೋಗುವ ದಾರಿ, ಅಲ್ಲಿ ಸುರಿದರೆ ಆಯಿಲ್ ಕ್ಯಾನಿನ ಕಸ ನೇರ ಬೇರಿಂಗಿಗೆ. ರಿಂಗಿಗೆ ಆಯಿಲ್ ಸವರಿ, ತಾಗುವವರೆಗೆ ತಿರುಗಿಸಿ, ಆಮೇಲೆ ಅರ್ಧದಿಂದ ಮುಕ್ಕಾಲು ಸುತ್ತು ಕೈಯಲ್ಲಿ. ಪಾನಾವನ್ನು ಅಷ್ಟು ಹೊತ್ತು ಟೂಲ್ ಬಾಕ್ಸಿನೊಳಗೆ ಹಾಕಿ ಬೀಗ ಹಾಕಿದರೂ ನನಗೆ ಸಂತೋಷ. ಎಂಜಿನ್ ಐದು ನಿಮಿಷ ಓಡಿಸಿ ಸುತ್ತಲೂ ನೋಡಿ, ನಿಲ್ಲಿಸಿ, ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ.

ಈ ತಿರುಗಿಸಿ ಕೂರಿಸುವ ಡಬ್ಬಿ 1950ರ ದಶಕದಲ್ಲಿ ಅಮೆರಿಕದಲ್ಲಿ ಬಂದದ್ದೇ ಬೋಲ್ಟು, ಬಟ್ಟಲು, ರಿಂಗುಗಳ ರಗಳೆ ತಪ್ಪಲಿ ಎಂದು. ನಮ್ಮಲ್ಲಿ ಹಳೆಯ ಗಾಡಿ ಇಟ್ಟುಕೊಂಡವರಿಗೆ ಆ ರಗಳೆ ಇನ್ನೂ ಇದೆ. ಬಟ್ಟಲನ್ನು ನಡುವಿನ ಉದ್ದ ಬೋಲ್ಟು ಹಿಡಿದಿರುತ್ತದೆ, ಒಳಗೆ ಕಾಗದದ ಉರುಳೆ ಮಾತ್ರ ಬದಲಿಸುವುದು. ಅಲ್ಲಿ ಕಚ್ಚಿಕೊಳ್ಳುವುದು ಬೋಲ್ಟು, ಅದರ ತಲೆ ಉರುಟಾಗುವುದು ಸರಿಯಾದ ಸೈಜಿನ ಪಾನಾ ಹಾಕದೆ. ಹೆಡ್ಡಿನ ಕಾಲುವೆಯಲ್ಲಿ ಕೂತ ಹಳೇ ರಿಂಗು ಚಪ್ಪಟೆಯಾಗಿ ಲೋಹದ ಬಣ್ಣಕ್ಕೇ ತಿರುಗಿರುತ್ತದೆ, ಪಿನ್ನಿನಿಂದ ಎಬ್ಬಿಸಿ ತೆಗೆಯಬೇಕು. ಡೀಸೆಲ್ ಪಂಪಿಗಿಂತ ಮೊದಲು ಬರುವ ಡೀಸೆಲ್ ಫಿಲ್ಟರ್ ಜೋಡಿಯದೂ ಇದೇ ಹಣೆಬರಹ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ನಮ್ಮ ಬಾಯಲ್ಲಿ ಮಾತ್ರ ಡೀಸೆಲ್ ಪಂಪಿಗೆ ಇವತ್ತಿಗೂ ಮೈಕೋ ಪಂಪು ಎಂದೇ ಹೆಸರು. ಆ ಪಂಪಿನೊಳಗಿನ ಭಾಗಗಳ ನಡುವಿನ ಸಂದು ತಲೆಗೂದಲಿಗಿಂತ ಎಷ್ಟೋ ಸಣ್ಣದು, ಅದನ್ನು ಕಾಯುವುದು ಈ ಫಿಲ್ಟರುಗಳು. ಇವುಗಳ ಮೇಲಿನ ಹೆಡ್ಡು ಸಾಮಾನ್ಯವಾಗಿ ಅಲ್ಯೂಮಿನಿಯಂ. ಹೆಚ್ಚು ಬಿಗಿದರೆ ಬೋಲ್ಟಿಗೆ ಏನೂ ಆಗುವುದಿಲ್ಲ, ಹೆಡ್ಡಿನ ಥ್ರೆಡ್ಡು ಪುಡಿಯಾಗಿ ಉದುರುತ್ತದೆ. ಬದಲಿಸಿದ ಮೇಲೆ ಗಾಳಿ ತೆಗೆಯುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ, ಅದರಲ್ಲಿ ನೀವೇ ನನಗಿಂತ ಚುರುಕು. ಹೈಡ್ರಾಲಿಕ್ ಫಿಲ್ಟರಿಗೂ ಆಯಿಲ್ ಫಿಲ್ಟರಿನ ಮಾತೇ, ಕೆಳಗೆ ದೊಡ್ಡ ಬಕೆಟ್ ಇಡುವುದೊಂದು ಹೆಚ್ಚು.

ಮಾಲೀಕರಿಗೂ ಎರಡು ಮಾತು ಹೇಳುವುದಿದೆ, ಧಣಿ ಎಂದು ಕರೆಸಿಕೊಳ್ಳುವವರಿಗೆ. ಹೆಚ್ಚಿನ ಗಾಡಿಗಳ ಪುಸ್ತಕ 250 ಗಂಟೆಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಲು ಹೇಳುತ್ತದೆ. ನಿಮ್ಮ ಗಾಡಿಯದು ಬೇರೆ ಇದ್ದರೆ ಅದೇ ಸರಿ. ಹಂಗಾಮಿನಲ್ಲಿ ದಿನಕ್ಕೆ ಹತ್ತು ಗಂಟೆ ಓಡಿದರೆ 25 ದಿನಕ್ಕೆ 250 ಗಂಟೆ ಆಯಿತು. ನೀವು ವರ್ಷಕ್ಕೊಮ್ಮೆ ದಸರೆಗೆ ಮಾಡಿಸುತ್ತೀರಿ. ಗಾಡಿ ಓಡುತ್ತಿದೆಯಲ್ಲ ಎನ್ನುತ್ತೀರಿ. ಓಡುತ್ತದೆ. ಕಾಗದ ಪೂರ್ತಿ ಕಟ್ಟಿಕೊಂಡರೂ ಎಂಜಿನ್ ಒಣಗದಿರಲಿ ಎಂದು ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ, ಅದು ತೆರೆದು ಸೋಸದ ಆಯಿಲನ್ನೇ ಬೇರಿಂಗಿಗೆ ಬಿಡುತ್ತದೆ. ಸದ್ದಿಲ್ಲ, ದೀಪ ಉರಿಯುವುದಿಲ್ಲ. ಅಷ್ಟು ಕಾಲ ಕೂತ ರಿಂಗು ಕಚ್ಚಿಕೊಳ್ಳದೆ ಇನ್ನೇನು ಮಾಡೀತು? 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನಿರ್ವಹಣೆ ಮಾಡಲಿಲ್ಲ ಎಂದು ಚಹಾದಂಗಡಿಯಲ್ಲಿ ಕೂತು ನಾವೆಲ್ಲ ಬೈದೆವು, ಬೈಯಬೇಕಾದದ್ದೇ. ಅವತ್ತು ಅಂಗಡಿಯ ಮುಂದೆ ನಿಂತಿದ್ದ ಗಾಡಿಗಳ ಅವರ್ ಮೀಟರನ್ನು ನಾನು ಸುಮ್ಮನೆ ಬಗ್ಗಿ ನೋಡಿದೆ. ಅರ್ಧದಷ್ಟು ಗಾಡಿಗಳಲ್ಲಿ ಮೀಟರೇ ನಡೆಯುತ್ತಿರಲಿಲ್ಲ.

ಮೀಟರ್ ಸರಿ ಮಾಡಿಸಿ. ಆಗದಿದ್ದರೆ ಡ್ರೈವರ್ ಕೈಗೆ ಒಂದು ನೋಟ್‌ಬುಕ್ ಕೊಟ್ಟು ದಿನದ ಗಂಟೆ ಬರೆಸಿ, ಹೇಗೂ ಬಾಡಿಗೆ ಲೆಕ್ಕಕ್ಕೆ ಬರೆಯುತ್ತಾನೆ. ಸರ್ವೀಸನ್ನು ಹಗಲು ಹೊತ್ತು, ಹಂಗಾಮಿಗೆ ಒಂದು ವಾರ ಮುಂಚೆ ಮಾಡಿಸಿ. ಅರ್ಧ ದಿನದ ಸಂಬಳವನ್ನು ಆ ಕೆಲಸಕ್ಕೂ ಕೊಡಿ.

ಇಳಿಸಿದ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂಬುದೂ ನನಗೆ ಗೊತ್ತಿದೆ. ಒಂದಿಷ್ಟು ದನದ ಕೊಟ್ಟಿಗೆಯ ಕಂಬಕ್ಕೆ ಗೆದ್ದಲು ಬಾರದಿರಲೆಂದು, ಉಳಿದದ್ದು ಬದುವಿನ ಮೇಲೆ, ಕೆಲವರದು ನೇರ ಉಪಕಾಲುವೆಗೆ. ಅದೇ ಕಾಲುವೆಯ ನೀರನ್ನು ಮುಂದಿನ ಊರಿನವರು ಕೆರೆಗೆ ತುಂಬಿಸಿಕೊಂಡು ಕುಡಿಯುತ್ತಾರೆ. ಬಳಸಿದ ಆಯಿಲನ್ನು 2016ರ ಕೇಂದ್ರದ ನಿಯಮಗಳಲ್ಲಿ ಅಪಾಯಕಾರಿ ತ್ಯಾಜ್ಯ ಎಂದೇ ಸೇರಿಸಿದ್ದಾರೆ. ಕ್ಯಾನಿನಲ್ಲಿ ತುಂಬಿಟ್ಟರೆ ಕೊಳ್ಳುವವರು ಬರುತ್ತಾರೆ, ದುಡ್ಡೂ ಸಿಗುತ್ತದೆ. ಹಳೇ ಫಿಲ್ಟರನ್ನೂ ಒಂದು ರಾತ್ರಿ ಬೋರಲು ಹಾಕಿ ಸೋರಿಸಿ, ಆಮೇಲೆ ಗುಜರಿಗೆ ಕೊಡಿ.

ಹೊಸ ಡಬ್ಬಿ ಕೂರಿಸಿದ ದಿನ ಅದರ ಮೇಲೆ ಮಾರ್ಕರಿನಲ್ಲಿ ತಾರೀಖು, ಗಂಟೆ, ಬಿಚ್ಚುವ ದಿಕ್ಕಿನ ಬಾಣ ಬರೆಯಿರಿ. ಜೊತೆಗೆ ಬಿಗಿದವರ ಹೆಸರನ್ನೂ ಬರೆಯಿರಿ. ಹೆಸರು ಬರೆಯಬೇಕೆಂದರೆ ಪಾನಾ ಹಾಕುವ ಕೈ ಸ್ವಲ್ಪ ತಡೆಯುತ್ತದೆ ಎಂದು ನನ್ನ ಅನುಭವ.

ಈ ಹಂಗಾಮಿಗೆ ಯಾರದಾದರೂ ಡಬ್ಬಿ ಕಚ್ಚಿಕೊಂಡಿದ್ದರೆ, ಚುಚ್ಚುವ ಮೊದಲು ಗ್ಯಾರೇಜಿಗೆ ಬನ್ನಿ. ಪಟ್ಟಿ ಪಾನಾ ಎರಡು ಸೈಜಿನದು ಇಟ್ಟಿದ್ದೇನೆ, ಪುಕ್ಕಟೆ ಕೊಡುತ್ತೇನೆ, ನೀವೇ ಒಯ್ದು ಬಿಚ್ಚಿಕೊಳ್ಳಿ. ಸಂಜೆಯೊಳಗೆ ವಾಪಸ್ ತಂದುಕೊಡಬೇಕು. ಹೋದ ವರ್ಷ ಒಯ್ದ ಒಂದು ಪಾನಾ ಇನ್ನೂ ಕಾರಟಗಿ ಕಡೆಯ ಯಾವುದೋ ಟೂಲ್ ಬಾಕ್ಸಿನಲ್ಲಿದೆ. ಒಯ್ದವರಿಗೆ ಈ ಪತ್ರ ಸಿಕ್ಕಿದ್ದರೆ ಅದನ್ನೂ ತಂದುಬಿಡಿ.

ಇಂತಿ ನಿಮ್ಮವ,
ರಸ್ತೆ ಬದಿಯ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್